ಗುಂಡಿ ಎಷ್ಟು ಆಳ ಇರಬೇಕು?

ಸ್ಮಶಾನದ ಬಗ್ಗೆ ಯಾರು ಏನು ಬರೆದರೂ ‘ಪ್ರಶಾಂತ’ ಎಂಬ ಪದ ತಪ್ಪುವುದಿಲ್ಲ. ಗೇಟಿನ ಫಲಕದ ಮೇಲೆ, ಕರಪತ್ರದಲ್ಲಿ, ಶ್ರದ್ಧಾಂಜಲಿಯ ಭಾಷಣದಲ್ಲಿ ಎಲ್ಲೆಲ್ಲೂ ಅದೇ: ಪ್ರಶಾಂತ ವಾತಾವರಣ, ಹಸಿರು ಹುಲ್ಲು, ಕುಟುಂಬದವರಿಗೆ ಸಕಲ ಸೇವೆ. ಸುಳ್ಳೇನೂ ಅಲ್ಲ. ಆದರೆ ಅಂಥ ಜಾಗದ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ ಆ ಪದ ಕೇಳಿದಾಗ ಸಣ್ಣ ನಗು ಬರುತ್ತದೆ. ಬೆಳಿಗ್ಗೆ ಹುಲ್ಲು ಕತ್ತರಿಸುವ ಯಂತ್ರ ಅರಚುತ್ತಿರುತ್ತದೆ. ಒಂದು ಮೂಲೆಯಲ್ಲಿ ಹಾರೆ, ಗುದ್ದಲಿಯ ಸದ್ದು. ವಾಹನವನ್ನು ಹಿಂದಕ್ಕೆ ತೆಗೆಯುವವನಿಗೆ ಇನ್ನೊಬ್ಬ ಕೂಗಿ ದಾರಿ ತೋರುತ್ತಿರುತ್ತಾನೆ. ಕಚೇರಿಯ ಫೋನಿಗೆ ಬಿಡುವಿಲ್ಲ. ನಾವು ಹೋಗಿ ನಿಲ್ಲುವ ಅರ್ಧ ಗಂಟೆಯ ಮಟ್ಟಿಗೆ ಅವರೆಲ್ಲ ಯಂತ್ರ ನಿಲ್ಲಿಸಿ, ಗುದ್ದಲಿ ಕೆಳಗಿಟ್ಟು, ಕಣ್ಣಿಗೆ ಬೀಳದಂತೆ ಮರದ ಮರೆಗೆ ಸರಿದಿರುತ್ತಾರೆ. ಅವರು ಬಿಟ್ಟುಕೊಟ್ಟ ಆ ಅರ್ಧ ಗಂಟೆಯನ್ನೇ ಜಾಗದ ಸ್ವಭಾವವೆಂದು ತಿಳಿದು ನಾವು ಮನೆಗೆ ಮರಳುತ್ತೇವೆ.

ಚಿಕ್ಕಮ್ಮ ತೀರಿಕೊಂಡ ಮೇಲೆ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಸಾವಿನ ಬಗ್ಗೆ ದೊಡ್ಡ ದೊಡ್ಡ ಯೋಚನೆಗಳು ಬರುತ್ತವೆ ಎಂದುಕೊಂಡಿದ್ದೆ. ಬಂದದ್ದು ಒಂದು ಕಚೇರಿಯ ಯೋಚನೆ. ಎರಡು ಕುರ್ಚಿ, ಒಂದು ಬೆಂಚು, ಗೋಡೆಯ ಮೇಲೆ ಅಂಚು ಹರಿದ ನಕ್ಷೆ, ಮೇಜಿನಾಚೆ ಕುಳಿತ ಒಬ್ಬ ಹೆಂಗಸು. ಸ್ಮಶಾನದಲ್ಲಿ ಶಾಂತಿ ಎಂಬುದು ಇದ್ದರೆ ಅದು ತಯಾರಾಗುವುದು ಮರಗಳ ಕೆಳಗಲ್ಲ, ಅಂಥ ಮೇಜಿನ ಮೇಲೆ ಎಂದು ನನಗೆ ಈಗ ಅನ್ನಿಸುತ್ತದೆ.

ಕೇಳಲೇಬೇಕಾದ ಪ್ರಶ್ನೆ

ಸಮುದಾಯದ ಟ್ರಸ್ಟ್ ನಡೆಸುವ ಸ್ಮಶಾನ ಅದು. ಚಿಕ್ಕಪ್ಪ, ಅವರ ಮಗ, ನಾನು ಮೂವರೂ ಹೋಗಿದ್ದೆವು. ಮೇಜಿನಾಚೆ ಇದ್ದವರಿಗೆ ಅರವತ್ತರ ಆಸುಪಾಸು. ಕಾಗದಪತ್ರಗಳನ್ನೆಲ್ಲ ನನ್ನಿಂದಲೂ ತಮ್ಮನಿಂದಲೂ ಪಡೆದು, ಸಹಿ ಹಾಕಿಸಿಕೊಂಡು, ಫೈಲನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು. ಆ ಮೇಲೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಚಿಕ್ಕಪ್ಪನ ಕಡೆ ನೋಡಿದರು. “ಯಜಮಾನರೇ, ಒಂದು ಮಾತನ್ನು ಈಗಲೇ ಕೇಳಬೇಕು. ನಾಳೆ ಕೇಳಿ ಪ್ರಯೋಜನವಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಗುಂಡಿಯನ್ನು ಒಬ್ಬರಿಗೆ ಸಾಲುವಷ್ಟು ತೆಗೆಸಲೋ, ಇಬ್ಬರಿಗೆ ಸಾಲುವಷ್ಟೋ?”

ತಮ್ಮನಿಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಇದು ಎಂದು ದನಿ ಏರಿಸಿದ. ಆಕೆ ಅವನಿಗೆ ಉತ್ತರ ಕೊಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಚಿಕ್ಕಪ್ಪನನ್ನೇ ನೋಡುತ್ತ ಕಾದರು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಚಿಕ್ಕಪ್ಪ, “ಮೇಲೆ ಯಾರು, ಕೆಳಗೆ ಯಾರು?” ಎಂದರು. “ಮೊದಲು ಹೋದವರು ಕೆಳಗೆ.” ಚಿಕ್ಕಪ್ಪ ತಲೆಯಾಡಿಸಿದರು. “ಹಾಗಾದರೆ ಆಳವಾಗಿಯೇ ತೆಗೆಸಿ. ಅವಳಿಗೆ ಮೊದಲಿನಿಂದಲೂ ಮಹಡಿ ಆಗುತ್ತಿರಲಿಲ್ಲ, ಮಂಡಿ ನೋವು.” ಆಕೆ ನಕ್ಕರು. ಚಿಕ್ಕಪ್ಪನೂ ನಕ್ಕರು. ತಮ್ಮ ಎದ್ದು ಹೊರಗೆ ಹೋದ.

ಆ ಪ್ರಶ್ನೆಯ ಹಿಂದಿನ ಲೆಕ್ಕ ನನಗೆ ಅರ್ಥವಾದದ್ದು ಆಮೇಲೆ. ಒಂದೇ ಸಮಾಧಿಯಲ್ಲಿ ಇಬ್ಬರನ್ನು ಇಡಬೇಕಾದರೆ ಮೊದಲನೆಯ ಪೆಟ್ಟಿಗೆ ಕೆಳಮಟ್ಟದಲ್ಲಿ ಇರಬೇಕು, ಎರಡರ ನಡುವೆ ಮಣ್ಣಿನ ಪದರ ಉಳಿಯಬೇಕು, ಮೇಲಿನದರ ಮೇಲೂ ಸಾಕಷ್ಟು ಮಣ್ಣು ಬರಬೇಕು. ಮೊದಲ ಸಲವೇ ಸಾಧಾರಣ ಆಳಕ್ಕೆ ಇಳಿಸಿಬಿಟ್ಟರೆ ಮುಂದೆ ಅದೇ ಜಾಗದಲ್ಲಿ ಎರಡನೆಯವರಿಗೆ ಎಡೆ ಇರುವುದಿಲ್ಲ. ಹೂತದ್ದನ್ನು ಮತ್ತೆ ಮೇಲೆತ್ತುವುದು ಯಾವ ಮನೆಯವರಿಗೂ ಬೇಡವಾದ ಮಾತು; ಹೆಚ್ಚಿನ ಕಡೆ ಅದಕ್ಕೆ ಅಧಿಕಾರಿಗಳ ಅನುಮತಿಯೂ ಬೇಕು. ಆಳಕ್ಕೆ ಹೋದಷ್ಟೂ ಅಗೆಯುವವರಿಗೆ ಅಪಾಯ. ಸಡಿಲ ಮಣ್ಣಾದರೆ ಪಕ್ಕದ ಗೋಡೆ ಕುಸಿಯದಂತೆ ಹಲಗೆ ಕೊಡಬೇಕು, ನೀರು ಒಸರಿದರೆ ಪಂಪು ತರಿಸಬೇಕು. ಆದ್ದರಿಂದ ಅಪ್ಪಣೆ ಹಿಂದಿನ ದಿನ ಸಂಜೆಯೊಳಗೆ ಹೋಗಬೇಕು. ಅಂದರೆ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯನನ್ನು ಆ ದಿನವೇ, ಆ ಗಂಟೆಯಲ್ಲೇ, ನೀನು ಎಲ್ಲಿಗೆ ಬರುತ್ತೀಯ ಎಂದು ಯಾರಾದರೂ ಕೇಳಲೇಬೇಕು. ಕೇಳದೆ ಬಿಡುವುದು ಆ ಹೊತ್ತಿಗೆ ಕರುಣೆಯಂತೆ ಕಾಣುತ್ತದೆ. ಹತ್ತು ವರ್ಷದ ಮೇಲೆ ಮಕ್ಕಳು ಬಂದು, ಅಪ್ಪ ಅಮ್ಮನ ಜೊತೆ ಇರಬೇಕು ಎಂದಾಗ ಅದೇ ಕರುಣೆ ಏನಾಗಿರುತ್ತದೆ ಎಂದು ಆಕೆಗೆ ಗೊತ್ತಿತ್ತು.

ಇಂಥ ಪ್ರಶ್ನೆಗಳು ಇನ್ನೂ ಇವೆ. ದಹನವಾದರೆ, ಎದೆಯೊಳಗೆ ಪೇಸ್‌ಮೇಕರ್ ಇತ್ತೇ ಎಂದು ಕೇಳುತ್ತಾರೆ. ಬಂಧುಗಳಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಕುಲುಮೆಯ ಒಳಗೆ 800 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ, ಇಟ್ಟಿಗೆ ಒಡೆಯುತ್ತದೆ, ಬಾಗಿಲ ಬಳಿ ನಿಂತವರಿಗೆ ಪೆಟ್ಟಾಗಬಹುದು ಎಂಬುದು ಅವರಿಗೆ ತಿಳಿಯದು. ಸಮಾಧಿಯ ಹಕ್ಕು ಯಾರ ಹೆಸರಿನಲ್ಲಿ ಇರಲಿ ಎಂಬುದು ಇನ್ನೊಂದು. ನಾವು ಹಣ ಕೊಟ್ಟು ಪಡೆಯುವುದು ಸಾಮಾನ್ಯವಾಗಿ ನೆಲವನ್ನಲ್ಲ, ಆ ನೆಲದಲ್ಲಿ ಹೂಳುವ ಹಕ್ಕನ್ನು. ಆ ಹಕ್ಕು ಒಬ್ಬರ ಹೆಸರಿನಲ್ಲಿ ಇರುತ್ತದೆ, ಮುಂದೆ ಕಲ್ಲು ನೆಡಲು, ಕಲ್ಲಿನ ಮೇಲೆ ಹೆಸರು ಸೇರಿಸಲು, ಮತ್ತೊಬ್ಬರನ್ನು ಹೂಳಲು ಅವರ ಸಹಿಯೇ ಬೇಕು. ಅಣ್ಣತಮ್ಮಂದಿರು ಅಪ್ಪನ ಕಲ್ಲಿನ ಮೇಲೆ ಯಾವ ಸಾಲು ಇರಬೇಕೆಂದು ಮಾತು ಬಿಟ್ಟ ಕಥೆಗಳನ್ನು ಆಕೆ ಹೆಸರು ಹೇಳದೆ ಹೇಳಿದರು. ಅರ್ಜಿಯ ಆ ಒಂದು ಅಂಕಣವನ್ನು ಅವಸರದಲ್ಲಿ ತುಂಬಿದರೆ ಜಗಳಕ್ಕೆ ಅಲ್ಲಿಯೇ ಅಡಿಗಲ್ಲು ಬೀಳುತ್ತದೆ.

ಈಗ ಇವನ್ನೆಲ್ಲ ಮೊಬೈಲಿನಲ್ಲಿ ತುಂಬುವ ಅರ್ಜಿಯಾಗಿ ಮಾಡಿದ ಕಡೆಗಳಿವೆ. ಆಳ: ಏಕ, ದ್ವಿ, ಒಂದನ್ನು ಒತ್ತಿ. ಅನುಕೂಲವೇ. ಆದರೆ ಚಿಕ್ಕಪ್ಪ ಆ ಮಹಡಿಯ ಮಾತನ್ನು ಯಾವ ಅಂಕಣದಲ್ಲಿ ಬರೆಯುತ್ತಿದ್ದರು?

ಆಯ್ಕೆ ಯಾರಿಗೆ ಬೇಕು?

ಅಂತ್ಯಕ್ರಿಯೆಯ ವ್ಯಾಪಾರದಲ್ಲಿ ನನಗೆ ಸಹಿಸಲಾಗದ ಒಂದು ಸಂಗತಿಯೆಂದರೆ ದರ್ಜೆಗಳು. ಬೆಳ್ಳಿ, ಬಂಗಾರ, ವಜ್ರ ಎಂದು ಹೆಸರಿಟ್ಟು ಮೂರು ಬಗೆಯ ಸೇವೆ. ಮೊದಲನೆಯದನ್ನು ಆರಿಸಿದರೆ ಸತ್ತವರ ಮೇಲೆ ಪ್ರೀತಿ ಕಡಿಮೆಯಾಯಿತೇನೋ ಎಂಬ ಅಳುಕು ಆ ಹೆಸರುಗಳೊಳಗೇ ಇದೆ. ಅಳುವ ಮನೆಯವರು ಚೌಕಾಸಿ ಮಾಡುವುದಿಲ್ಲ, ನಾಲ್ಕು ಕಡೆ ವಿಚಾರಿಸುವುದಿಲ್ಲ, ನಾಳೆ ಬರುತ್ತೇನೆ ಎನ್ನುವುದಿಲ್ಲ. ಇಂಥ ಗಿರಾಕಿ ಬೇರೆ ಯಾವ ವ್ಯಾಪಾರಕ್ಕೂ ಸಿಗುವುದಿಲ್ಲ.

ಇದು ಇಂದಿನ ರೋಗವೂ ಅಲ್ಲ. ಯಹೂದಿಗಳ ಧರ್ಮಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ಪ್ರಸಂಗವಿದೆ. ಒಂದು ಕಾಲದಲ್ಲಿ ಹೆಣ ಸಾಗಿಸುವ ಖರ್ಚು ಬಂಧುಗಳಿಗೆ ಸಾವಿಗಿಂತಲೂ ಭಾರವಾಗಿ, ಹೆಣವನ್ನು ಬಿಟ್ಟು ಓಡಿಹೋಗುವಷ್ಟಕ್ಕೆ ಬಂದಿತ್ತಂತೆ. ಆಗ ರಬ್ಬಾನ್ ಗಮಾಲಿಯೇಲ್ ಎಂಬ ಗುರು ತನ್ನನ್ನು ಸಾದಾ ನಾರುಬಟ್ಟೆಯಲ್ಲಿ ಒಯ್ಯಿರಿ ಎಂದು ಹೇಳಿಹೋದ. ಅಷ್ಟು ದೊಡ್ಡವನೇ ಸಾದಾ ಬಟ್ಟೆಯಲ್ಲಿ ಹೋದ ಮೇಲೆ ಉಳಿದವರಿಗೆ ಸಂಕೋಚ ಉಳಿಯಲಿಲ್ಲ. ಬಡವನೊಬ್ಬ ಹಾಗೆ ಹೋಗಿದ್ದರೆ ಅದು ಬಡತನವೇ ಆಗಿ ಉಳಿಯುತ್ತಿತ್ತು. ಉಳ್ಳವನು ಹೋದದ್ದರಿಂದ ಪದ್ಧತಿಯಾಯಿತು. ಅದೇ ಸಮಾಜದಲ್ಲಿ ಹೆಣವನ್ನು ತೊಳೆದು, ಹೊದಿಸಿ, ಕಾಯುವ ಕೆಲಸವನ್ನು ಹೆವ್ರಾ ಕಡಿಶಾ ಎಂಬ ಸ್ವಯಂಸೇವಕರ ಸಂಘಗಳು ಮಾಡುತ್ತವೆ. ಪ್ರಾಗ್ ನಗರದ ಸಂಘ ಹುಟ್ಟಿದ್ದು 1564ರಲ್ಲಿ. ಈ ಸೇವೆಯನ್ನು ಅವರು ನಿಜವಾದ ಉಪಕಾರ ಎನ್ನುತ್ತಾರೆ, ಸತ್ತವರು ತಿರುಗಿ ಏನನ್ನೂ ಕೊಡಲಾರರು ಎಂಬ ಕಾರಣಕ್ಕೆ. ಇಥಿಯೋಪಿಯಾದಲ್ಲಿ ಇದ್ದಿರ್ ಎಂಬ ನೆರೆಹೊರೆಯ ಸಂಘಗಳಿವೆ. ಪ್ರತಿ ತಿಂಗಳು ಸಣ್ಣ ವಂತಿಗೆ. ಯಾರ ಮನೆಯಲ್ಲಿ ಸಾವಾದರೂ ಚಪ್ಪರ, ಪಾತ್ರೆ, ಹಣ, ಕೈಜೋಡಿಸುವ ಜನ ಎಲ್ಲವೂ ಸಂಘದಿಂದ. ಆ ಮನೆಯವರು ಆ ದಿನ ಏನನ್ನೂ ಆರಿಸಬೇಕಾಗಿಲ್ಲ. ಆರಿಸುವ ಕೆಲಸ ಯಾರೂ ಅಳದಿದ್ದ ದಿನಗಳಲ್ಲಿ, ಎಲ್ಲರೂ ಸೇರಿ ಮುಗಿಸಿದ್ದಾಗಿದೆ.

ಅಮೆರಿಕ ಹಿಡಿದದ್ದು ಕಾನೂನಿನ ದಾರಿ. 1984ರಲ್ಲಿ ಜಾರಿಗೆ ಬಂದ ಅಲ್ಲಿನ ಕೇಂದ್ರ ನಿಯಮದ ಪ್ರಕಾರ ಅಂತ್ಯಕ್ರಿಯೆ ನಡೆಸುವ ಸಂಸ್ಥೆಗಳು ಒಂದೊಂದು ಸೇವೆಯ ದರವನ್ನೂ ಬೇರೆ ಬೇರೆಯಾಗಿ ಬರೆದು ಕೊಡಬೇಕು, ಫೋನಿನಲ್ಲಿ ಕೇಳಿದರೂ ಹೇಳಬೇಕು, ಪೆಟ್ಟಿಗೆಯನ್ನು ಹೊರಗಿನಿಂದ ತಂದರೆ ಅದಕ್ಕೆ ದಂಡ ಹಾಕಬಾರದು. ಒಳ್ಳೆಯದೇ, ಆದರೆ ದರಪಟ್ಟಿ ಕೈಯಲ್ಲಿದ್ದರೂ ಆರಿಸುವ ಹೊರೆ ಮನೆಯವರ ತಲೆಯ ಮೇಲೆಯೇ ಉಳಿಯಿತು. ಸಮುದಾಯದ ಸ್ಮಶಾನಕ್ಕೆ ಇರುವ ಅನುಕೂಲ ಇಲ್ಲಿದೆ. ಅದು ಏನನ್ನೂ ಮಾರಬೇಕಾಗಿಲ್ಲ. ಗೋಡೆಯ ಮೇಲೆ ಒಂದೇ ಹಾಳೆ, ಅದರಲ್ಲಿ ನಾಲ್ಕೋ ಐದೋ ಸಾಲು, ಎಲ್ಲರಿಗೂ ಅದೇ. ವಾಹನ, ಅಗೆತ, ಕಾಗದಪತ್ರ, ಸಮಯ ನಿಗದಿ. ಕೊಡಲಾಗದವರಿಂದ ಕೇಳುವುದಿಲ್ಲ ಎಂಬುದನ್ನು ಹಾಳೆಯ ಮೇಲೆ ಬರೆಯುವುದೂ ಬೇಡ, ಕೇಳದಿದ್ದರೆ ಸಾಕು. ಸಂಗೀತ ಬೇಕೇ, ಬಿಳಿ ಪಾರಿವಾಳ ಹಾರಿಸಬೇಕೇ ಎಂದು ವಿಚಾರಿಸುವ ಸಮಿತಿಗಳನ್ನೂ ಬಲ್ಲೆ. ಪಾರಿವಾಳಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಮೆಟ್ಟಿಲುಗಳ ಎತ್ತರ

ಹಾಗೆಂದು ಮರ, ಹಾದಿ, ಹುಲ್ಲು ಎಲ್ಲ ಬರಿಯ ಅಲಂಕಾರ ಎಂದು ನಾನು ಹೇಳುವುದಿಲ್ಲ. ಸ್ಮಶಾನಕ್ಕೆ ತೋಟದ ರೂಪ ಬಂದದ್ದೇ ಸುಮಾರು ಎರಡು ಶತಮಾನಗಳ ಈಚೆಗೆ, ಅದೂ ದುರ್ನಾತದ ಕಾರಣದಿಂದ. ಪ್ಯಾರಿಸ್ಸಿನ ನಡುಮಧ್ಯದಲ್ಲಿ ಶತಮಾನಗಳ ಕಾಲ ಹೆಣದ ಮೇಲೆ ಹೆಣ ಹೂಳುತ್ತಿದ್ದ ಇನೊಸಾಂ ಸ್ಮಶಾನದ ಒತ್ತಡಕ್ಕೆ 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಕುಸಿಯಿತು. ಅದೇ ವರ್ಷ ಅದನ್ನು ಮುಚ್ಚಿದರು. ಮುಂದೆ ಎಲುಬುಗಳನ್ನು ರಾತ್ರಿಯ ಹೊತ್ತು ಗಾಡಿಗಳಲ್ಲಿ ಹೇರಿ ಊರ ಹೊರಗಿನ ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. 1804ರ ಫ್ರೆಂಚ್ ಆಜ್ಞೆ ಊರ ಹೊರಗೆ ಹೂಳಬೇಕು, ಒಬ್ಬೊಬ್ಬರಿಗೂ ಪ್ರತ್ಯೇಕ ಗುಂಡಿ ಇರಬೇಕು, ಆಳ ಒಂದೂವರೆಯಿಂದ ಎರಡು ಮೀಟರ್ ಇರಬೇಕು, ಗಿಡ ನೆಡಬೇಕು, ಆದರೆ ಗಾಳಿಗೆ ಅಡ್ಡಿಯಾಗಬಾರದು ಎಂದಿತು. ಪ್ಯಾರಿಸ್ಸಿನ ಪೆರ್ ಲಷೇಸ್ ಸ್ಮಶಾನ ತೆರೆದದ್ದು ಅದೇ ವರ್ಷ. 1831ರಲ್ಲಿ ಅಮೆರಿಕದ ಬಾಸ್ಟನ್ ಪಕ್ಕದಲ್ಲಿ ಮೌಂಟ್ ಆಬರ್ನ್ ಎಂಬ ಸ್ಮಶಾನ ಬಂತು. ಊರಿನಲ್ಲಿ ದೊಡ್ಡ ಉದ್ಯಾನಗಳೇ ಇಲ್ಲದ ಕಾಲವಾದ್ದರಿಂದ ಜನ ಗಾಳಿಸೇವನೆಗೆ ಗುಂಪುಗುಂಪಾಗಿ ಅಲ್ಲಿಗೇ ಹೋಗುತ್ತಿದ್ದರು. ಸಾರ್ವಜನಿಕ ಉದ್ಯಾನ ಎಂಬ ಕಲ್ಪನೆಗೆ ಆ ದೇಶದಲ್ಲಿ ನೀರೆರೆದದ್ದು ಹೀಗೆ ಸತ್ತವರ ತೋಟಗಳು.

ನನಗೆ ಇವೆಲ್ಲಕ್ಕಿಂತ ಮೆಚ್ಚಿಕೆಯಾದದ್ದು ಸ್ಟಾಕ್‌ಹೋಮಿನ ಸ್ಕೂಗ್ಸ್‌ಷಿರ್ಕೊಗೋರ್ಡನ್, ಕಾಡಿನ ಸ್ಮಶಾನ. 1915ರ ಸ್ಪರ್ಧೆಯಲ್ಲಿ ಗೆದ್ದ ಆಸ್‌ಪ್ಲುಂಡ್ ಮತ್ತು ಲೆವೆರೆಂಟ್ಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಅದನ್ನು ರೂಪಿಸಿದರು. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಅಲ್ಲೊಂದು ಗುಡ್ಡ, ಅದರ ಮೇಲೆ ಒಂದಿಷ್ಟು ಮರಗಳ ನಡುವೆ ಸುಮ್ಮನೆ ಕೂರಲು ಜಾಗ. ಹತ್ತಿ ಹೋಗುವ ಮೆಟ್ಟಿಲುಗಳ ಎತ್ತರ ಮೇಲೆ ಹೋದಂತೆ ಕಡಿಮೆಯಾಗುತ್ತದೆ, ದುಃಖದಲ್ಲಿರುವವರಿಗೆ ತುದಿ ಮುಟ್ಟುವ ಹೊತ್ತಿಗೆ ಏದುಸಿರು ಬರಬಾರದೆಂದು. 1940ರಲ್ಲಿ ಮುಗಿದ ಅಲ್ಲಿನ ದಹನಗೃಹದಲ್ಲಿ ಮೂರು ಪ್ರಾರ್ಥನಾಮಂದಿರಗಳಿವೆ. ಒಂದು ಕುಟುಂಬ ಹೊರಡುವಾಗ ಮತ್ತೊಂದು ಕುಟುಂಬದ ಮುಖ ನೋಡಬೇಕಾಗದಂತೆ ಪ್ರತಿಯೊಂದಕ್ಕೂ ಬೇರೆಯೇ ಕಾಯುವ ಕೋಣೆ, ಬೇರೆಯೇ ಅಂಗಳ. ಬಂದವರಲ್ಲಿ ಮೆಟ್ಟಿಲು ಅಳೆಯುವವರು ಯಾರೂ ಇಲ್ಲ. ನಕ್ಷೆಯ ಮುಂದೆ ಕುಳಿತ ಯಾರೋ ಒಬ್ಬರು ಮುದುಕಿಯೊಬ್ಬಳ ಉಸಿರಿನ ಬಗ್ಗೆ ಯೋಚಿಸಿದ್ದರು, ಅಷ್ಟೇ. ಅಂತ್ಯಕ್ರಿಯೆಗಳನ್ನು ಒಂದರ ಬೆನ್ನಿಗೆ ಒಂದರಂತೆ ಅರ್ಧರ್ಧ ಗಂಟೆಗೆ ನಿಗದಿ ಮಾಡಿ, ಎರಡು ಕುಟುಂಬಗಳು ಒಂದೇ ಗೇಟಿನಲ್ಲಿ ಎದುರುಬದುರಾಗುವಂತೆ ಮಾಡುವ ಜಾಗದಲ್ಲಿ ಎಷ್ಟು ಗುಲಾಬಿ ನೆಟ್ಟರೂ ನಷ್ಟವೇ. ಆಸ್‌ಪ್ಲುಂಡ್ ಸಿಗದಿದ್ದರೆ ಹೋಗಲಿ, ನಡುವೆ ಒಂದು ಗಂಟೆ ಖಾಲಿ ಬಿಟ್ಟರೂ ಅದೇ ಕೆಲಸವಾಗುತ್ತದೆ.

ಪುಸ್ತಕದಲ್ಲಿ ಇಲ್ಲದವರು

ಚಿಕ್ಕಮ್ಮನ ಕಲ್ಲಿನ ವಿಷಯ ಮಾತಾಡಲು ಅದೇ ಕಚೇರಿಗೆ ಮತ್ತೆ ಹೋಗಿದ್ದೆ. (ಕಲ್ಲನ್ನು ಕೂಡಲೇ ನೆಡುವುದಿಲ್ಲ. ಅಗೆದು ಮುಚ್ಚಿದ ಮಣ್ಣು ತಿಂಗಳುಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಅವಸರ ಮಾಡಿದರೆ ಕಲ್ಲು ವಾಲುತ್ತದೆ. ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎನ್ನುವುದು ಇದಕ್ಕೇ.) ನನಗಿಂತ ಮೊದಲೇ ಒಬ್ಬರು ಬಂದು ಕುಳಿತಿದ್ದರು. ದೂರದಿಂದ ಬಂದವರು, ಕೈಯಲ್ಲಿ ಒಂದು ಹಳೆಯ ಫೋಟೊ. ಅವರ ದೊಡ್ಡಪ್ಪ ಚಿಕ್ಕ ಹುಡುಗನಾಗಿದ್ದಾಗಲೇ ಸತ್ತು ಇಲ್ಲಿ ಎಲ್ಲೋ ಇದ್ದಾನಂತೆ. ಅಜ್ಜಿ ಕೊನೆಯ ದಿನಗಳಲ್ಲಿ ಅವನ ಹೆಸರನ್ನೇ ಹೇಳುತ್ತಿದ್ದರಂತೆ. ಕಲ್ಲು ಇರಲಿಲ್ಲ, ಎಂದೂ ಇಟ್ಟಿರಲಿಕ್ಕಿಲ್ಲ. ಮೇಜಿನಾಚೆಯ ಆಕೆ ಕಬ್ಬಿಣದ ಕಪಾಟಿನಿಂದ ದಪ್ಪ ರಿಜಿಸ್ಟರು ತೆಗೆದು ವರ್ಷ ಕೇಳಿದರು. ಅವರು ಹೇಳಿದ ವರ್ಷದಲ್ಲಿ ಸಿಗಲಿಲ್ಲ, ಹಿಂದಿನದರಲ್ಲೂ ಇಲ್ಲ. ಮನೆಯಲ್ಲಿ ಕರೆಯುವ ಹೆಸರೇ, ದಾಖಲೆಯ ಹೆಸರೇ ಎಂದು ವಿಚಾರಿಸಿದರು. ಆಮೇಲೆ ತಂದೆಯ ಹೆಸರು ಹಿಡಿದು ಹುಡುಕಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟರು: ಹುಡುಗನ ಹೆಸರಿಲ್ಲ, ಇಂಥವರ ಮಗ, ವಯಸ್ಸು, ಸಾಲಿನ ಸಂಖ್ಯೆ, ಗುಂಡಿಯ ಸಂಖ್ಯೆ, ಅಗೆದವನ ಹೆಬ್ಬೆಟ್ಟು. ಗೋಡೆಯ ನಕ್ಷೆಯಲ್ಲಿ ಅದನ್ನು ತೋರಿಸಿ, ಜೊತೆಗೆ ಒಬ್ಬನನ್ನು ಕಳಿಸಿದರು. ಅಲ್ಲಿ ನೋಡಲು ಹುಲ್ಲು ಬಿಟ್ಟರೆ ಏನೂ ಇಲ್ಲ ಎಂದು ಮೊದಲೇ ಎಚ್ಚರಿಸಿದರು. ಆ ಮನುಷ್ಯನಿಗೆ ಅದು ಬೇಸರವಾದಂತೆ ಕಾಣಲಿಲ್ಲ. ಆ ಪುಟದ ಫೋಟೊ ತೆಗೆಯಬಹುದೇ ಎಂದು ಮಾತ್ರ ಕೇಳಿದರು.

ಸ್ಮಶಾನವನ್ನು ಖಾಲಿ ಮೈದಾನದಿಂದ ಬೇರೆ ಮಾಡುವುದು ಆ ಪುಸ್ತಕ. ಕಲ್ಲು ಒಡೆಯುತ್ತದೆ, ಅಕ್ಷರ ಸವೆಯುತ್ತದೆ, ಬೇರು ನುಗ್ಗುತ್ತದೆ. ಪುಸ್ತಕ ಇದ್ದರೆ ಮತ್ತೆ ಬರೆಸಬಹುದು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ ಹುಟ್ಟಿದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗ ಹಿಡಿದ ಪಟ್ಟು ಇದೇ: ಪ್ರತಿಯೊಬ್ಬ ಸತ್ತ ಸೈನಿಕನ ಹೆಸರೂ ಕಲ್ಲಿನಲ್ಲೋ ಸ್ಮಾರಕದಲ್ಲೋ ಇರಬೇಕು, ಜನರಲ್ ಆಗಲಿ ಸಿಪಾಯಿಯಾಗಲಿ ಕಲ್ಲು ಒಂದೇ ಅಳತೆ. ಸ್ವಂತ ಖರ್ಚಿನಲ್ಲಿ ದೊಡ್ಡದನ್ನು ಕಟ್ಟಿಸುತ್ತೇವೆ, ಮಗನನ್ನು ಊರಿಗೆ ತರುತ್ತೇವೆ ಎಂದ ಶ್ರೀಮಂತ ಮನೆಗಳಿಗೂ ಆಗದು ಎಂದರು. 1920ರಲ್ಲಿ ಇದು ಸಂಸತ್ತಿನಲ್ಲಿ ಬಿಸಿ ಚರ್ಚೆಯಾದರೂ ನಿಯಮ ಗೆದ್ದಿತು. ಕೇಳಲು ಎಷ್ಟು ಚೆನ್ನ! ಆದರೆ ಅದೇ ಆಯೋಗ 2021ರಲ್ಲಿ ಪ್ರಕಟಿಸಿದ ವರದಿ ಬೇರೆ ಕಥೆ ಹೇಳುತ್ತದೆ. ಕನಿಷ್ಠ 1,16,000 ಮಂದಿ, ಬಹುಶಃ 3,50,000ದವರೆಗೂ, ಹೆಚ್ಚಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು, ಹೆಸರಿನಿಂದ ನೆನಪಾಗಲೇ ಇಲ್ಲ. ಕೆಲವರು ಯಾವ ರೀತಿಯಲ್ಲೂ ಇಲ್ಲ. ಭಾರತೀಯರೂ ಸೇರಿದಂತೆ ಇನ್ನು ಹತ್ತಾರು ಸಾವಿರ ಮಂದಿಗೆ ಸಿಕ್ಕಿದ್ದು ಸಮಾನ ಗೌರವವಲ್ಲ. ಆಯೋಗ ಕ್ಷಮೆ ಕೇಳಿತು. ಕಲ್ಲಿನ ಅಳತೆಯಲ್ಲಿ ಸಮಾನತೆ ತರುವುದು ಸುಲಭ, ಪುಸ್ತಕದೊಳಗೆ ಯಾರ ಹೆಸರು ಸೇರುತ್ತದೆ ಎಂಬಲ್ಲಿ ಮೋಸ ನಡೆದಿರುತ್ತದೆ. ಸಮುದಾಯದ ಸ್ಮಶಾನವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಸಮುದಾಯ ಎಂದರೆ ಯಾರು? ಬೇರೆ ಕಡೆ ಮದುವೆಯಾಗಿ ಹೋದ ಮಗಳು? ವಂತಿಗೆ ನಿಲ್ಲಿಸಿದವನು? ಯಾರೂ ಹಕ್ಕುದಾರರಿಲ್ಲದ ಹೆಣ? ಇವುಗಳಿಗೆ ಉತ್ತರ ನಿಯಮಾವಳಿಯಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಗೇಟಿನ ಬಳಿ ವಾಹನ ನಿಂತಿರುವಾಗ, ಆ ಹೊತ್ತಿಗೆ ದನಿ ದೊಡ್ಡದಿರುವವನು ಉತ್ತರ ಕೊಡುತ್ತಾನೆ.

ಎಷ್ಟು ಕಾಲ?

ಕೊನೆಯದಾಗಿ ಹಣದ ಮಾತು, ಇದನ್ನು ಯಾರೂ ಆಡಲು ಬಯಸುವುದಿಲ್ಲ. ಒಂದು ಸಮಾಧಿಗೆ ಕುಟುಂಬ ಒಂದೇ ಸಲ ಕೊಡುತ್ತದೆ. ಹುಲ್ಲು ಪ್ರತಿ ಮಳೆಗೂ ಬೆಳೆಯುತ್ತದೆ. ಜಾಗ ತುಂಬುವವರೆಗೂ ಹೊಸಬರ ಹಣದಿಂದ ಹಳಬರ ನಿರ್ವಹಣೆ ನಡೆಯುತ್ತದೆ. ತುಂಬಿದ ಮರುದಿನ ಆದಾಯ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಇದಕ್ಕೆ ಒಂದು ದಾರಿಯೆಂದರೆ ಬಂದ ಹಣದ ಒಂದು ಪಾಲನ್ನು ಅಸಲು ಮುಟ್ಟದ ನಿಧಿಯಾಗಿ ಇಟ್ಟು ಬಡ್ಡಿಯಲ್ಲಿ ನಡೆಸುವುದು. ಇನ್ನೊಂದು, ಶಾಶ್ವತ ಎಂಬ ಮಾತನ್ನೇ ಕೊಡದಿರುವುದು. ಜರ್ಮನಿಯಲ್ಲಿ ಸಮಾಧಿಯನ್ನು ಸಾಮಾನ್ಯವಾಗಿ 20ರಿಂದ 30 ವರ್ಷಗಳ ಅವಧಿಗೆ ಕೊಡುತ್ತಾರೆ. ನವೀಕರಿಸದಿದ್ದರೆ ಕಲ್ಲು ತೆಗೆದು ಜಾಗವನ್ನು ಮತ್ತೊಬ್ಬರಿಗೆ ನೀಡುತ್ತಾರೆ. ನೆಲವೇ ಕಡಿಮೆಯಿರುವ ಸಿಂಗಾಪುರದಲ್ಲಿ 1998ರಿಂದ ಅವಧಿ 15 ವರ್ಷ. ಶಾಶ್ವತ ಎಂದು ಬರೆದು ಮೂವತ್ತು ವರ್ಷಕ್ಕೆ ಮುಳ್ಳುಕಂಟಿ ಬೆಳೆಸುವುದಕ್ಕಿಂತ, ಮೂವತ್ತು ವರ್ಷ ಎಂದು ಹೇಳಿ ಅಷ್ಟೂ ವರ್ಷ ಚೆನ್ನಾಗಿ ನೋಡಿಕೊಳ್ಳುವವರು ನನಗೆ ಹೆಚ್ಚು ನಂಬಿಕಸ್ಥರಾಗಿ ಕಾಣುತ್ತಾರೆ. ತಮ್ಮ ಇದನ್ನು ಒಪ್ಪುವುದಿಲ್ಲ. ಅಮ್ಮನ ಜಾಗಕ್ಕೆ ಗಡುವು ಹಾಕುವುದೇ ಎನ್ನುತ್ತಾನೆ. ಅವನಿಗೆ ಹೇಳುವ ಉತ್ತರ ನನ್ನಲ್ಲಿ ಪೂರ್ತಿ ಇಲ್ಲ, ಆದರೆ ಲೆಕ್ಕ ಅವನ ಪರವಾಗಿಲ್ಲ ಎಂಬುದಂತೂ ಗೊತ್ತು.

ಟ್ರಸ್ಟಿನ ವಾರ್ಷಿಕ ಸಭೆಗೆ ಈ ಸಲ ನಾನೂ ಎರಡು ವಿಷಯ ಬರೆದು ಕೊಟ್ಟಿದ್ದೇನೆ. ಹಳೆಯ ರಿಜಿಸ್ಟರುಗಳ ಪ್ರತಿ ತೆಗೆದು ಇನ್ನೊಂದು ಕಟ್ಟಡದಲ್ಲಿ ಇಡುವುದು ಒಂದು. ಪ್ರತಿ ಸಮಾಧಿಯ ಹಣದಲ್ಲಿ ನಿಧಿಗೆ ಹೋಗುವ ಪಾಲನ್ನು ನಿಯಮದಲ್ಲಿ ನಮೂದಿಸುವುದು ಇನ್ನೊಂದು. ಕಾರ್ಯಸೂಚಿ ಮೊನ್ನೆ ಬಂತು. ನನ್ನವು ಆರನೆಯದು ಮತ್ತು ಏಳನೆಯದು. ಮೊದಲನೆಯದು ಮುಂಬಾಗಿಲಿಗೆ ಹೊಸ ಫಲಕ.